ಬಾಣಂತಿ ಇಲಿಗೆ ಯಾವ ಹಾಸು? ಹೊಟ್ಟು, ಪುಡಿ, ದಿಂಡು, ಸೀರೆ, ಕಾಗದ ಎಲ್ಲ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಬಾಣಂತಿ ಇಲಿಯ ಪಂಜರಕ್ಕೆ ಈಗ ಬೀಳುವುದು ಕಾಗದ ಒಂದೇ. ಅಚ್ಚಾಗದ ಬಿಳಿ ಕಾಗದ. ನೋಟ್‌ಬುಕ್ ಬೈಂಡಿಂಗ್ ಮಾಡುವ ಅಂಗಡಿಯಲ್ಲಿ ಅಂಚು ಕತ್ತರಿಸಿದಾಗ ಉಳಿಯುವ ಪಟ್ಟಿಗಳು. ಇದಕ್ಕೆ ಬಂದು ನಿಲ್ಲುವ ಮುಂಚೆ ಸಾಮಿಲ್ ಪುಡಿ, ಭತ್ತದ ಹೊಟ್ಟು, ಮೆಕ್ಕೆಜೋಳದ ದಿಂಡಿನ ನುಚ್ಚು, ಹಳೇ ಸೀರೆ, ತೆಂಗಿನ ನಾರಿನ ಪುಡಿ ಎಲ್ಲವನ್ನೂ ಹಾಕಿ ನೋಡಿದ್ದೇನೆ. ಮೂರು ವರ್ಷ, ಆರು ಬಾಣಂತನ. ಅದರಲ್ಲಿ ಮೊದಲ ಎರಡರಲ್ಲಿ ಮರಿಗಳನ್ನು ಕಳೆದುಕೊಂಡೆ. ಆ ಬೇಜಾರು ಇನ್ನೂ ಹೋಗಿಲ್ಲ. ಹಾಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ದಾವಣಗೆರೆಯಲ್ಲಿ. ಸುತ್ತ ಭತ್ತ, ಮೆಕ್ಕೆಜೋಳ, ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ. ಭತ್ತದ ಹೊಟ್ಟು ಇಲ್ಲಿ ಭಟ್ಟಿಗೆ ಉರುವಲು, ಕೋಳಿ ಫಾರಂಗೆ ಹಾಸು. ಅಂದರೆ ಹಾಸಿಗೆ ಬೇಕಾದ ವಸ್ತುವಿಗೆ ನಮ್ಮ ಕಡೆ ಬರವಿಲ್ಲ. ಯಾವುದು ಸಿಗುತ್ತದೆ ಅನ್ನುವುದು ನನಗೆ ಪ್ರಶ್ನೆಯೇ ಆಗಿರಲಿಲ್ಲ. ಹುಟ್ಟಿದ ಮರಿಯ ಮೈಗೆ ಯಾವುದು ಆಗಿಬರುತ್ತದೆ ಅನ್ನುವುದೇ ಪ್ರಶ್ನೆ.

ಸಾಕಿದ ಇಲಿ 21ರಿಂದ 23 ದಿನಕ್ಕೆ ಈಯುತ್ತದೆ. ಹುಟ್ಟಿದ ಮರಿಗೆ ಕೂದಲಿಲ್ಲ, ಕಣ್ಣು ಬಿಟ್ಟಿರುವುದಿಲ್ಲ, ಕಿವಿ ಕೇಳಿಸುವುದಿಲ್ಲ. ತೂಕ ಐದಾರು ಗ್ರಾಂ. ನಮ್ಮ ಹಳದಿ ಐದು ರೂಪಾಯಿ ನಾಣ್ಯ ಇದೆಯಲ್ಲ, ಹೆಚ್ಚುಕಡಿಮೆ ಅಷ್ಟೇ. ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಅದಕ್ಕಿಲ್ಲ. ತಾಯಿ ನೀರು ಕುಡಿಯಲು ಎದ್ದು ಹೋದ ಹತ್ತು ನಿಮಿಷ ಆ ಮರಿಯನ್ನು ಬೆಚ್ಚಗಿಡುವುದು ಒಡಹುಟ್ಟಿದವರ ಮೈ ಮತ್ತು ಗೂಡು, ಇವೆರಡೇ. ಹಾಗಾಗಿ ದೊಡ್ಡ ಇಲಿಯ ಹಾಸು ಬೇರೆ, ಬಾಣಂತಿಯ ಹಾಸು ಬೇರೆ. ದೊಡ್ಡದಕ್ಕೆ ಉಚ್ಚೆ ಹೀರಿದರೆ ಸಾಕು. ಬಾಣಂತಿಗೆ ಅದರಲ್ಲಿ ಗೂಡು ಕಟ್ಟಲು ಬರಬೇಕು. ನನಗೆ ಇದು ಗೊತ್ತಾಗಿದ್ದು ತಡವಾಗಿ.

ನಮ್ಮ ಅತ್ತೆಗೆ ಮೊದಲೇ ಗೊತ್ತಿತ್ತು. ಗೌರಿಯ ಪಂಜರಕ್ಕೆ ನಾನು ಸಾಮಿಲ್ ಪುಡಿ ಸುರಿಯುವಾಗ ಅವರು ಬಾಗಿಲಲ್ಲಿ ನಿಂತು ನೋಡಿ, "ಬಾಣಂತಿ ಕೋಣ್ಯಾಗೆ ಯಾರಾದ್ರೂ ಧೂಳು ಹಾಸ್ತಾರೇನವ್ವಾ?" ಅಂದರು. ಇಲಿಗೆ ಏನಾಗುತ್ತದೆ ಬಿಡಿ ಅಂದುಕೊಂಡು ಸುಮ್ಮನಾದೆ.

ಸಾಮಿಲ್ ಪುಡಿ

ಗೌರಿ ನಮ್ಮ ಮೊದಲ ಇಲಿ. ಬಿಳಿ ಮೈ, ತಲೆ ಮತ್ತು ಬೆನ್ನಿನ ಗೆರೆ ಮಾತ್ರ ಕಪ್ಪು. ಅವಳಿಗೆ ಒಂಬತ್ತು ಮರಿ ಹುಟ್ಟಿದವು. 40 ರೂಪಾಯಿಗೆ ಒಂದು ಚೀಲ ಪುಡಿ ತಂದಿದ್ದೆ. ಮೊದಲ ದಿನವೇ ಕಣ್ಣಿಗೆ ಬಿದ್ದಿದ್ದು ಏನೆಂದರೆ, ಒದ್ದೆ ಮೈಯ ಮರಿಗಳಿಗೆ ಆ ಪುಡಿ ಉಪ್ಪಿಟ್ಟಿನ ರವೆಯ ಹಾಗೆ ಮೆತ್ತಿಕೊಂಡಿತ್ತು. ಗೌರಿಯ ಮೊಲೆಗಳಿಗೂ ಮೆತ್ತಿತ್ತು. ಮರಿಗಳು ಹಾಲಿನ ಜೊತೆ ಅದನ್ನೂ ನುಂಗುತ್ತಿದ್ದವು. ಮೂರನೇ ದಿನ ಗೌರಿ ಸೀನಲು ಶುರು ಮಾಡಿದಳು. ಕಣ್ಣು ಮತ್ತು ಮೂಗಿನ ಸುತ್ತ ಕೆಂಪಗೆ ಒಸರಿತ್ತು. ರಕ್ತ ಅಂದುಕೊಂಡು ಕೈಕಾಲು ತಣ್ಣಗಾಯಿತು. ಅದು ರಕ್ತವಲ್ಲ. ಇಲಿಯ ಕಣ್ಣಿನ ಹಿಂದಿರುವ ಗ್ರಂಥಿಯಿಂದ ಬರುವ ಪಾರ್ಫಿರಿನ್ ಅನ್ನುವ ಕೆಂಪು ಬಣ್ಣ. ಇಲಿಗೆ ಕಾಯಿಲೆಯೋ ತುಂಬಾ ಹಿಂಸೆಯೋ ಆದಾಗ ಜಾಸ್ತಿ ಬರುತ್ತದೆ.

ವಾರದೊಳಗೆ ನಾಲ್ಕು ಮರಿ ಹೋದವು. ಪುಡಿಯೊಂದೇ ಕಾರಣ ಎಂದು ನಾನು ಪ್ರಮಾಣ ಮಾಡಲಾರೆ. ಅವಳಿಗೆ ಅದು ಮೊದಲ ಹೆರಿಗೆ, ನನಗೂ ಮೊದಲನೆಯದು. ಆದರೆ ಪುಡಿ ತೆಗೆದು ಬಟ್ಟೆ ಹಾಸಿದ ಮೇಲೆ ಸೀನು ನಿಂತಿತು, ಉಳಿದ ಐದು ಬದುಕಿದವು.

ಇಲ್ಲಿ ಒಂದು ವಿಷಯ ಹೇಳಬೇಕು. ಹೊರದೇಶದವರು ಇಲಿ ಸಾಕುವ ಬಗ್ಗೆ ಬರೆದಿದ್ದನ್ನು ಓದಿದರೆ ಪೈನ್ ಮರ ಬೇಡ, ಸೀಡರ್ ಮರ ಬೇಡ ಎಂದು ಪದೇ ಪದೇ ಇರುತ್ತದೆ. ಅದು ಸುಳ್ಳಲ್ಲ. 1967ರಲ್ಲೇ ಸೈನ್ಸ್ ಪತ್ರಿಕೆಯಲ್ಲಿ ಒಂದು ವರದಿ ಬಂದಿತ್ತು. ಇಂಥ ಮೆದು ಮರಗಳ ಹಾಸಿನ ಮೇಲಿದ್ದ ಇಲಿಗಳ ಲಿವರ್‌ನಲ್ಲಿ ಔಷಧಿ ಕರಗಿಸುವ ಎನ್‌ಜೈಮ್‌ಗಳು ಏರಿದ್ದವು. ಅಂದರೆ ಮರದ ವಾಸನೆ ಮೂಗಿನಲ್ಲೇ ನಿಲ್ಲದೆ ಒಳಗೆ ಹೋಗಿ ಲಿವರ್‌ಗೆ ಕೆಲಸ ಕೊಡುತ್ತಿತ್ತು. 1978ರಲ್ಲಿ ಸೀಡರ್ ಹಾಸಿನಿಂದ ಇಲಿ ಮರಿಗಳು ಜಾಸ್ತಿ ಸಾಯುತ್ತಿವೆ ಎಂದು ಪ್ರಯೋಗಾಲಯದವರೇ ಬರೆದರು. ಆದರೆ ನಮ್ಮ ಊರಿನ ಸಾಮಿಲ್‌ನಲ್ಲಿ ಸೀಡರ್ ಎಲ್ಲಿದೆ? ಇಲ್ಲಿ ಸಾಗುವಾನಿ, ಹೊನ್ನೆ, ಮತ್ತಿ, ಬೇವು, ನೀಲಗಿರಿ ಎಲ್ಲ ಒಂದೇ ಗರಗಸದ ಕೆಳಗೆ ಬೀಳುತ್ತವೆ. ಪೈನ್ ಬರುವುದು ಮೆಷಿನ್ ಕಟ್ಟಿ ತರುವ ಪ್ಯಾಕಿಂಗ್ ಪೆಟ್ಟಿಗೆಯ ರೂಪದಲ್ಲಿ. ಅದರ ಜೊತೆ ಪ್ಲೈವುಡ್ ತುಂಡು, ಅದರ ಅಂಟು, ಗೆದ್ದಲಿಗೆ ಹೊಡೆದ ಔಷಧಿ. ಸಾಗುವಾನಿ ಪುಡಿಯಿಂದ ಬಡಗಿಗಳಿಗೇ ಚರ್ಮ ತುರಿಸುತ್ತದೆ, ಉಬ್ಬಸ ಬರುತ್ತದೆ. ಒಂದು ಚೀಲದಲ್ಲಿ ಏನಿದೆ ಎಂದು ಮಾರುವವನಿಗೇ ಗೊತ್ತಿಲ್ಲ ಅಂದಮೇಲೆ ಮರದ ಹೆಸರು ಹಿಡಿದು ಆರಿಸುವ ದಾರಿಯೇ ಇಲ್ಲ.

ಬಡಗಿಗಳು ಹತ್ತರಿ ಹೊಡೆದಾಗ ಬೀಳುವ ಸುರುಳಿ ಪುಡಿಗಿಂತ ವಾಸಿ, ಧೂಳು ಕಡಿಮೆ. ಯಾವ ಮರ ಎಂದು ಕಣ್ಣಾರೆ ಕಂಡಿದ್ದರೆ ದೊಡ್ಡ ಇಲಿಗೆ ಹಾಕಬಹುದು. ಬಾಣಂತಿಗೆ ನಾನು ಹಾಕುವುದಿಲ್ಲ.

ಭತ್ತದ ಹೊಟ್ಟು

ಇದರ ಬಗ್ಗೆ ಜಾಸ್ತಿ ಬರೆಯಬೇಕು, ಯಾಕೆಂದರೆ ನಾನು ಅತ್ಯಂತ ನಂಬಿದ್ದು ಇದನ್ನೇ. ವಾಸನೆ ಇಲ್ಲ. ಅಂಟು ಇಲ್ಲ. ಹಗುರ. ಗಿರಣಿಯಲ್ಲಿ ಕೇಳಿದರೆ, "ಅಕ್ಕಾರೆ, ಎಷ್ಟು ಬೇಕೋ ತುಂಬ್ಕೊಳ್ರಿ, ಒಂದು ಚೀಲಕ್ಕೆ ಎಂಥಾ ರೊಕ್ಕ" ಎಂದು ಕೊಟ್ಟೇಬಿಟ್ಟರು. ಕೋಳಿ ಮರಿಗಳನ್ನು ಇದರ ಮೇಲೆಯೇ ಬೆಳೆಸುತ್ತಾರೆ. ಕೋಳಿಗೆ ಆಗುವುದು ಇಲಿಗೂ ಆಗುತ್ತದೆ ಎಂದು ಲೆಕ್ಕ ಹಾಕಿದೆ.

ನಮ್ಮ ಇನ್ನೊಂದು ಇಲಿ ಚುಕ್ಕಿಗೆ ಹತ್ತು ಮರಿ. ಮೊದಲ ನಾಲ್ಕು ದಿನ ಎಲ್ಲ ಚೆನ್ನಾಗಿತ್ತು. ಐದನೇ ದಿನ ರಾತ್ರಿ ನನ್ನ ಮುಂಗೈ ತುರಿಸಲು ಶುರುವಾಯಿತು. ಬೆಳಗ್ಗೆ ನೋಡಿದರೆ ಸಣ್ಣ ಸಣ್ಣ ಕೆಂಪು ಗುಳ್ಳೆ, ಬಳೆ ಕೂರುವ ಜಾಗದಲ್ಲಿ ಸಾಲಾಗಿ. ಬೆವರುಸಾಲೆ ಅಂದುಕೊಂಡೆ. ಅದು ಏಪ್ರಿಲ್ ತಿಂಗಳು, ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ಡಾಕ್ಟರೂ ಹಾಗೆಯೇ ಹೇಳಿ ಒಂದು ಲೋಷನ್ ಬರೆದುಕೊಟ್ಟರು. ಎರಡು ದಿನ ಬಿಟ್ಟು ನಮ್ಮ ಯಜಮಾನರ ಸೊಂಟದ ಸುತ್ತ ಅದೇ ಗುಳ್ಳೆ. ಅವರು ರಾತ್ರಿ ಪಂಜರದ ಪಕ್ಕದ ಮಂಚದಲ್ಲಿ ಮಲಗುತ್ತಿದ್ದರು.

ಅಷ್ಟರಲ್ಲಿ ಮರಿಗಳ ಬಣ್ಣ ಬದಲಾಗಿತ್ತು. ಇದನ್ನು ನಾನು ಮೊದಲೇ ಗಮನಿಸಬೇಕಿತ್ತು. ಗಟ್ಟಿಮುಟ್ಟಾದ ಎಳೆ ಮರಿ ಗುಲಾಬಿ ಬಣ್ಣಕ್ಕಿರುತ್ತದೆ. ಹೊಟ್ಟೆಯ ಚರ್ಮ ಎಷ್ಟು ತೆಳುವೆಂದರೆ ಕುಡಿದ ಹಾಲು ಬಿಳಿ ಪಟ್ಟಿಯಾಗಿ ಹೊರಗೆ ಕಾಣುತ್ತದೆ. ಈ ಮರಿಗಳಿಗೆ ಹಾಲಿನ ಪಟ್ಟಿ ಇತ್ತು. ಹಸಿವಿರಲಿಲ್ಲ. ಆದರೆ ಮೈ ಮೇಣದ ಹಾಗೆ ಬಿಳಿಚಿಕೊಂಡಿತ್ತು. ಎಂಟನೇ ದಿನ ಬೆಳಗ್ಗೆ ಒಂದು ಮರಿ ತಣ್ಣಗೆ ಬಿದ್ದಿತ್ತು. ಸಂಜೆಗೆ ಇನ್ನೊಂದು.

ಸತ್ತ ಮರಿಯನ್ನು ಎತ್ತಿ ಬಿಳಿ ಕಾಗದದ ಮೇಲೆ ಇಟ್ಟಾಗ ಗೊತ್ತಾಯಿತು. ಗಸಗಸೆಗಿಂತ ಚಿಕ್ಕ ಚುಕ್ಕಿಗಳು ಕಾಗದದ ಮೇಲೆ ಹರಿದಾಡುತ್ತಿದ್ದವು. ಕೆಲವು ಬೂದಿ ಬಣ್ಣ, ಕೆಲವು ಕೆಂಪು. ಕೆಂಪು ಎಂದರೆ ರಕ್ತ ಕುಡಿದವು. ತೆಂಗಿಗೆ, ಬೆಳೆಗೆ ನುಸಿ ಬರುವುದನ್ನು ಎಲ್ಲರೂ ಕೇಳಿದ್ದೀರಿ. ಇದು ಇಲಿಯ ನುಸಿ. ಪಶುವೈದ್ಯರು ಭೂತಗನ್ನಡಿಯಲ್ಲಿ ನೋಡಿ ಹೆಸರು ಹೇಳಿದರು, ಆರ್ನಿಥೋನಿಸಸ್ ಬಕೋಟಿ.

ಇದರ ಕೆಟ್ಟ ಗುಣ ಏನೆಂದರೆ ಇದು ಹೇನಿನ ಹಾಗೆ ಇಲಿಯ ಮೈಮೇಲೆ ವಾಸ ಮಾಡುವುದಿಲ್ಲ. ಹಾಸಿನಲ್ಲಿ, ಪಂಜರದ ಸಂದಿಯಲ್ಲಿ, ಗೋಡೆಯ ಬಿರುಕಿನಲ್ಲಿ ಅಡಗಿರುತ್ತದೆ. ಹಸಿವಾದಾಗ ಹೊರಗೆ ಬಂದು ರಕ್ತ ಕುಡಿದು ವಾಪಸ್ ಹೋಗುತ್ತದೆ. ಹಗಲು ಇಲಿಯ ಕೂದಲು ಬಿಡಿಸಿ ಬಿಡಿಸಿ ನೋಡಿದರೂ ಏನೂ ಸಿಗುವುದಿಲ್ಲ. ಇಲಿ ಸಿಗದಿದ್ದರೆ ಮನುಷ್ಯರನ್ನೂ ಕಚ್ಚುತ್ತದೆ. ಊಟವಿಲ್ಲದೆ ವಾರಗಟ್ಟಲೆ ಬದುಕುತ್ತದೆ. ಮೊಟ್ಟೆಯಿಂದ ದೊಡ್ಡದಾಗಲು ಒಂದೆರಡು ವಾರ ಸಾಕು. ದೊಡ್ಡ ಇಲಿ ಕೆರೆದುಕೊಂಡು ತಡೆಯುತ್ತದೆ. ಹತ್ತು ಗ್ರಾಂ ತೂಗುವ ಮರಿಯ ಮೈಯಲ್ಲಿ ಎಷ್ಟು ರಕ್ತ ಇದ್ದೀತು?

ಎಲ್ಲಿಂದ ಬಂತು? ಗಿರಣಿಗೆ ಮತ್ತೆ ಹೋದೆ. ಈ ಸಲ ಹೊಟ್ಟಿನ ರಾಶಿಯನ್ನು ಬಿಟ್ಟು ಅದರ ಸುತ್ತ ನೋಡಿದೆ. ಗೋಡೆಯ ಬುಡದಲ್ಲಿ ಬಿಲ, ರಾಶಿಯ ಮೇಲೆ ಹಿಕ್ಕೆ. ಭತ್ತ ಇರುವಲ್ಲಿ ಇಲಿ ಇರುತ್ತದೆ, ಅದರಲ್ಲಿ ಗಿರಣಿಯವರ ತಪ್ಪೇನೂ ಇಲ್ಲ. ಅವರು ಹೊಟ್ಟನ್ನು ಭಟ್ಟಿಗೆ ಸುಡಲು ಮಾರುತ್ತಾರೆ, ನನ್ನ ಹಾಗೆ ಎಳೆ ಮರಿಯ ಕೆಳಗೆ ಹಾಸಲು ಅಲ್ಲ. ಆದರೆ ಕಾಡಿಲಿ, ಮನೆಯಿಲಿ ಎಲ್ಲದರ ನುಸಿಯೂ ಆ ಹೊಟ್ಟಿನಲ್ಲೇ ಮೊಟ್ಟೆ ಇಟ್ಟಿರುತ್ತದೆ. ನುಸಿಯೊಂದೇ ಅಲ್ಲ. ಇಲಿಯ ಉಚ್ಚೆಯಿಂದ ಹರಡುವ ಇಲಿಜ್ವರ ಮಲೆನಾಡು ಕರಾವಳಿಯ ಜನರಿಗೆ ಚೆನ್ನಾಗಿ ಗೊತ್ತು. ಒದ್ದೆ ಹೊಟ್ಟನ್ನು ಬರಿಗೈಯಲ್ಲಿ ತುಂಬಿಕೊಂಡು ಬಂದಿದ್ದೆ ಎಂದು ನೆನೆದರೆ ಈಗಲೂ ಭಯವಾಗುತ್ತದೆ.

ಶುಚಿ ಮಾಡಿದ್ದನ್ನೂ ಹೇಳುತ್ತೇನೆ, ಯಾರಿಗಾದರೂ ಬೇಕಾದೀತು. ಹೊಟ್ಟನ್ನೆಲ್ಲ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಮನೆಯಿಂದ ದೂರ ಒಯ್ದು ಸುಟ್ಟೆ. ತಾಯಿ ಮರಿಗಳನ್ನು ಹೊಸ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ ಕೆಳಗೆ ಬರೀ ಬಿಳಿ ಕಾಗದ ಹಾಸಿದೆ. ಬಿಳಿ ಯಾಕೆಂದರೆ ಅದರ ಮೇಲೆ ನುಸಿ ಹರಿದರೆ ಕಾಣುತ್ತದೆ. ದಿನಕ್ಕೆರಡು ಸಲ ಬದಲಿಸಿದೆ. ತಂತಿ ಪಂಜರವನ್ನು ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿದೆ. ಮರದ ಏಣಿ, ಮರದ ಪೆಟ್ಟಿಗೆ ಎಲ್ಲ ಸುಟ್ಟೆ, ಅದರ ಬಿರುಕನ್ನು ತೊಳೆಯಲು ಆಗುವುದಿಲ್ಲ. ಮಂಚದ ಹಾಸಿಗೆ, ಹೊದಿಕೆ ಎಲ್ಲ ಬಿಸಿನೀರಿಗೆ. ತಾಯಿಗೆ ಪಶುವೈದ್ಯರು ಔಷಧಿ ಕೊಟ್ಟರು. ಹಾಲೂಡುವ ಇಲಿಗೆ ಎಷ್ಟು ಕೊಡಬೇಕು ಎಂದು ಅವರೇ ತೂಕ ಹಾಕಿ ಹೇಳಬೇಕು. ದನಕ್ಕೆ, ನಾಯಿಗೆ ತಂದ ಔಷಧಿಯನ್ನು ಅಂದಾಜಿನಲ್ಲಿ ಹಚ್ಚಬೇಡಿ. ನುಸಿ ಗುಳಿಗೆ ಎಂದು ಟ್ರಂಕಿನಲ್ಲಿ ಇಡುತ್ತೇವಲ್ಲ, ನ್ಯಾಫ್ತಲೀನ್, ಅದನ್ನಂತೂ ಪಂಜರದ ಹತ್ತಿರ ತರಲೇಬೇಡಿ. ಅದು ರಕ್ತಕ್ಕೇ ವಿಷ.

ಆ ಹತ್ತರಲ್ಲಿ ಏಳು ಉಳಿದವು. ಮೂರನೆಯದು ಡಬ್ಬಕ್ಕೆ ಬಂದ ರಾತ್ರಿ ಹೋಯಿತು. ಮನೆಯಿಂದ ನುಸಿ ಪೂರ್ತಿ ಹೋಗಲು ಎರಡು ತಿಂಗಳು ಹಿಡಿಯಿತು.

ಹೊಟ್ಟನ್ನು ಶುಚಿ ಮಾಡಿ ಬಳಸಲು ಬರುತ್ತದೆ. ಫ್ರೀಜರ್‌ನಲ್ಲಿ ಎರಡು ದಿನ ಇಟ್ಟರೆ ನುಸಿ ಸಾಯುತ್ತದೆ. ಆದರೆ ಮನೆಯ ಫ್ರಿಜ್ಜಿನ ಫ್ರೀಜರ್‌ನಲ್ಲಿ ಹಿಡಿಯುವುದು ಒಂದು ಕ್ಯಾರಿಬ್ಯಾಗ್. ಪಂಜರಕ್ಕೆ ಅದು ಒಂದೇ ಸಲಕ್ಕೆ ಮುಗಿಯುತ್ತದೆ. ಮಾಳಿಗೆ ಮೇಲೆ ಕಪ್ಪು ಟಾರ್ಪಾಲಿನಲ್ಲಿ ಸುತ್ತಿ ಬಿಸಿಲಿಗೆ ಹಾಕುವುದು ಬೇಸಿಗೆಯಲ್ಲಿ ಸರಿ. ಮಳೆಗಾಲದಲ್ಲಿ ಹೆರುವ ಇಲಿಗೆ ಏನು ಮಾಡುವುದು? ಇಷ್ಟೆಲ್ಲ ಮಾಡಿದರೂ ಭತ್ತದ ಹೊಟ್ಟು ಉಚ್ಚೆ ಹೀರುವುದು ಕಡಿಮೆ. ಸಿಪ್ಪೆಯಲ್ಲಿ ಮರಳಿನ ಜಾತಿಯ ಸಿಲಿಕಾ ತುಂಬಾ ಇರುವುದರಿಂದ ಅಂಚು ಒರಟು. ಎಳೆ ಮರಿಯ ಹೊಟ್ಟೆ ಅದರ ಮೇಲೆ ತೆವಳಬೇಕು. ಗೂಡೂ ನಿಲ್ಲುವುದಿಲ್ಲ. ಚುಕ್ಕಿ ಬಾಯಿಂದ ಎಳೆದೆಳೆದು ಗುಡ್ಡೆ ಹಾಕುತ್ತಿದ್ದಳು, ಮರಳಿನ ಹಾಗೆ ಜಾರಿ ಮತ್ತೆ ಬಯಲಾಗುತ್ತಿತ್ತು.

ಮೆಕ್ಕೆಜೋಳದ ದಿಂಡು

ಕಾಳು ಬಿಡಿಸಿದ ದಿಂಡನ್ನು ಒಣಗಿಸಿ, ನುಚ್ಚು ಮಾಡಿ, ಸೋಸಿ ಪ್ಯಾಕೆಟ್‌ನಲ್ಲಿ ಮಾರುತ್ತಾರೆ. ಪ್ರಯೋಗಾಲಯಗಳಲ್ಲಿ ಇದನ್ನು ತುಂಬಾ ಬಳಸುತ್ತಾರೆ. ಆನ್‌ಲೈನ್‌ನಲ್ಲಿ ಕೆಜಿಗೆ 90 ರೂಪಾಯಿ ಕೊಟ್ಟು ತರಿಸಿದೆ. ನಮ್ಮ ಹೊಲಗಳಲ್ಲಿ ಒಲೆಗೆ ಹಾಕುವ ದಿಂಡಿಗೆ ಅಷ್ಟು ದುಡ್ಡು ಕೊಡುವಾಗ ಕಷ್ಟ ಅನಿಸಿತು. ಆದರೆ ನುಸಿಯ ಕಥೆ ಆದಮೇಲೆ ಶಾಖ ಕೊಟ್ಟು ಶುಚಿ ಮಾಡಿದ್ದೇ ಬೇಕಿತ್ತು.

ಹೀರುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ವಾಸನೆಯೂ ಕಡಿಮೆ. ಆದರೆ ಆ ಹೀರುವ ಗುಣವೇ ಫೆಬ್ರವರಿಯಲ್ಲಿ ನಮಗೆ ಮುಳುವಾಯಿತು. ನಮ್ಮದು ಬಯಲುಸೀಮೆ. ಶಿವರಾತ್ರಿ ಹೊತ್ತಿಗೆ ತುಟಿ ಒಡೆಯುವಷ್ಟು ಒಣ ಗಾಳಿ. ಹತ್ತನೇ ದಿನ ಎರಡು ಮರಿಗಳ ಬಾಲದಲ್ಲಿ ದಾರ ಕಟ್ಟಿದ ಹಾಗೆ ಉಂಗುರ ಮೂಡಿತು. ಇದಕ್ಕೆ ರಿಂಗ್‌ಟೇಲ್ ಎನ್ನುತ್ತಾರೆ. ಗಾಳಿಯ ತೇವ ಶೇಕಡ 40ಕ್ಕಿಂತ ಕೆಳಗೆ ಇಳಿದಾಗ ಎಳೆ ಮರಿಗಳಿಗೆ ಬರುತ್ತದೆ, ಜಾಸ್ತಿ ಹೀರುವ ಹಾಸು ಅದನ್ನು ಇನ್ನೂ ಹೆಚ್ಚಿಸುತ್ತದೆ. 300 ರೂಪಾಯಿಯ ತೇವ ಅಳೆಯುವ ಮೀಟರ್ ತಂದು ಇಟ್ಟೆ. ಮಧ್ಯಾಹ್ನ 28 ತೋರಿಸಿತು. ಪಂಜರದ ಎರಡು ಬದಿಗೆ ಒದ್ದೆ ಟವೆಲ್ ಇಳಿಬಿಟ್ಟೆ. ಒಂದು ಮರಿಯ ಬಾಲ ಸುಧಾರಿಸಿತು. ಇನ್ನೊಂದರ ತುದಿ ಒಣಗಿ ಉದುರಿತು. ಆ ಮರಿಗೆ ಮೊಂಡ ಎಂದು ಹೆಸರಿಟ್ಟೆವು, ಈಗಲೂ ನಮ್ಮ ಮನೆಯಲ್ಲೇ ಇದ್ದಾನೆ.

ತಳಿ ಮಾಡುವವರಿಗೆ ಇನ್ನೊಂದು ಮಾತು. ಅಮೆರಿಕದ ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನವರು 2002ರಲ್ಲಿ ಒಂದು ವಿಷಯ ಪ್ರಕಟಿಸಿದರು. ಮೆಕ್ಕೆಜೋಳದ ದಿಂಡಿನ ಹಾಸಿನಲ್ಲಿರುವ ಒಂದು ಅಂಶ ಇಲಿಗಳ ಹಾರ್ಮೋನ್ ಲೆಕ್ಕವನ್ನೇ ತಪ್ಪಿಸುತ್ತದೆ. ಹೆಣ್ಣಿಲಿಗಳು ಸರಿಯಾಗಿ ಬೆದೆಗೆ ಬರುವುದಿಲ್ಲ, ಗಂಡು ಕೂಡುವುದೂ ಕಡಿಮೆ. ಇಲಿಗಳು ಈ ನುಚ್ಚನ್ನು ತಿನ್ನುತ್ತವೆ, ನಮ್ಮವೂ ತಿಂದವು. ಮರಿ ಬೇಕು ಎಂದು ಜೋಡಿ ಕಟ್ಟುವ ಪಂಜರಕ್ಕೆ ಇದನ್ನು ಹಾಕುವುದರಲ್ಲಿ ಅರ್ಥವಿಲ್ಲ ಅಲ್ವಾ. ಒದ್ದೆಯಾಗಿ ಎರಡು ದಿನ ಉಳಿದರೆ ಬೂಷ್ಟು ಬೇರೆ.

ಹಳೇ ಸೀರೆ

ಅತ್ತೆ ಕೌದಿ ಹೊಲಿಯುತ್ತಾರೆ. ಮೆತ್ತಗಾದ ಕಾಟನ್ ಸೀರೆಯ ತುಂಡುಗಳನ್ನು ಅವರೇ ಪ್ರೀತಿಯಿಂದ ತಂದುಕೊಟ್ಟರು. ಬೆಚ್ಚಗೆ, ಧೂಳಿಲ್ಲದೆ, ಗೂಡು ಸುಂದರವಾಗಿ ಬಂತು. ಆದರೆ ಇಲಿ ಬಟ್ಟೆಯನ್ನು ಕಡಿಯುತ್ತದೆ, ಕಡಿದ ಬಟ್ಟೆ ಎಳೆ ಬಿಡುತ್ತದೆ. ಐದನೇ ದಿನ ಒಂದು ಮರಿಯ ಹಿಂಗಾಲಿಗೆ ನೂಲು ಸುತ್ತಿ ಪಾದ ನೀಲಿ ಬಣ್ಣಕ್ಕೆ ತಿರುಗಿತ್ತು. ಉಗುರು ಕತ್ತರಿಸುವ ಸಣ್ಣ ಕತ್ತರಿಯಿಂದ, ಉಸಿರು ಬಿಗಿಹಿಡಿದು, ಆ ಎಳೆ ಕತ್ತರಿಸಿದೆ. ಕಾಲು ಉಳಿಯಿತು. ಅತ್ತೆ ಅವತ್ತು ಪಂಜರದ ಮುಂದಿನಿಂದ ಏಳಲಿಲ್ಲ. ಹತ್ತಿಯೂ ಇದೇ ಜಾತಿ, ಕಾಲಿಗೆ ಸುತ್ತುತ್ತದೆ. ಎಳೆ ಬಿಡದ ಫ್ಲೀಸ್ ಬಟ್ಟೆ ಆದರೆ ಪರವಾಗಿಲ್ಲ, ಆದರೆ ಎರಡು ದಿನಕ್ಕೊಮ್ಮೆ ಒಗೆಯಬೇಕು. ಒಗೆಯಲು ಗೂಡು ಎತ್ತಬೇಕು. ಬಾಣಂತಿಯ ಗೂಡನ್ನು ಎರಡು ದಿನಕ್ಕೊಮ್ಮೆ ಎತ್ತಿದರೆ ಅವಳು ಗಾಬರಿಯಾಗುತ್ತಾಳೆ. ಗಾಬರಿಯಾದ ತಾಯಿ ಮರಿಗಳನ್ನು ತಿಂದ ಉದಾಹರಣೆಗಳೂ ಇವೆ.

ಇನ್ನೆರಡು

ತೆಂಗಿನ ನಾರಿನ ಪುಡಿ: ಗಿಡಗಳಿಗೆ ಒಳ್ಳೆಯದು. ಒಣಗಿದ್ದರೆ ಧೂಳು, ಒದ್ದೆಯಾದರೆ ತಣ್ಣಗೆ ಹಿಡಿದುಕೊಳ್ಳುತ್ತದೆ. ಗಂಡಿಲಿಗಳ ಪಂಜರದಲ್ಲಿ ನಾಲ್ಕು ದಿನ ನೋಡಿ ತೆಗೆದೆ.

ಹೊರದೇಶದಿಂದ ಬರುವ ಕಾಗದದ ಹಾಸು: ನಿಜವಾಗಿ ಚೆನ್ನಾಗಿದೆ. ಮೆತ್ತಗೆ, ಧೂಳಿಲ್ಲ, ಹೀರುತ್ತದೆ. ಒಂದು ಪ್ಯಾಕೆಟ್‌ಗೆ 1,400 ರೂಪಾಯಿ ಆಯಿತು, ಮೂರು ವಾರಕ್ಕೆ ಮುಗಿಯಿತು. ನನ್ನ ಸಂಬಳಕ್ಕೆ ಅದು ಹೊಂದುವುದಿಲ್ಲ. ಬೆಕ್ಕು ಉಚ್ಚೆ ಮಾಡಲು ತಟ್ಟೆಗೆ ಹಾಕುವ ಹರಳು (ಲಿಟರ್) ಹಾಕಬಹುದಾ ಎಂದು ಕೆಲವರು ಕೇಳುತ್ತಾರೆ. ಒದ್ದೆಯಾದರೆ ಗಟ್ಟಿಯಾಗುವ ಜಾತಿ ಬೇಡವೇ ಬೇಡ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ನುಂಗಿದ್ದು ಒಳಗೇ ಗಟ್ಟಿಯಾಗುತ್ತದೆ.

ಬೈಂಡಿಂಗ್ ಅಂಗಡಿಯ ಕಾಗದ

ನುಸಿಯ ಕಾಲದಲ್ಲಿ ಬಿಳಿ ಕಾಗದ ಹಾಕಿದ್ದೆನಲ್ಲ, ಆಗಲೇ ಒಂದು ವಿಷಯ ಕಂಡಿತ್ತು. ಚುಕ್ಕಿ ಹಾಳೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಹಲ್ಲಿನಿಂದ ಉದ್ದುದ್ದ ಸೀಳಿ, ಬಾಯಲ್ಲಿ ಕಚ್ಚಿಕೊಂಡು ಹೋಗಿ ಮರಿಗಳ ಸುತ್ತ ಸಿಕ್ಕಿಸುತ್ತಿದ್ದಳು. ಅಂಥ ಕಷ್ಟದಲ್ಲೂ ಒಂದು ಗಂಟೆಯಲ್ಲಿ ಬಟ್ಟಲಿನ ಹಾಗೆ ಗೂಡು ಕಟ್ಟಿದಳು. ಹೊಟ್ಟಿನಲ್ಲಿ ಎಂಟು ದಿನ ಪಟ್ಟರೂ ಆಗದಿದ್ದದ್ದು. ನಾನು ಅದನ್ನು ಕಂಡೂ ಬಿಟ್ಟೆ. ಪ್ರಯೋಗಾಲಯದವರು ದಿಂಡು ಬಳಸುತ್ತಾರೆ ಎಂದು ಅದರ ಹಿಂದೆ ಹೋದೆ, ಆಮೇಲೆ ಸೀರೆಗೆ ಹೋದೆ. ಐದನೇ ಬಾಣಂತನಕ್ಕೆ ಕಾಗದಕ್ಕೆ ಬಂದೆ.

ದಿನಪತ್ರಿಕೆ ಯಾಕೆ ಬೇಡ ಎಂದರೆ ಶಾಯಿ. ಓದಿದರೆ ನಮ್ಮ ಬೆರಳಿಗೇ ಕಪ್ಪು ಹತ್ತುತ್ತದೆ. ಬಿಳಿ ಇಲಿ ಅದರ ಮೇಲೆ ಮಲಗಿದರೆ ಬೂದಿ ಬಣ್ಣ ಆಗುತ್ತದೆ, ಆಮೇಲೆ ಅದನ್ನೆಲ್ಲ ನೆಕ್ಕಿಕೊಳ್ಳುತ್ತದೆ. ನಾನು ಪತ್ರಿಕೆಯನ್ನು ತಟ್ಟೆಯ ತಳಕ್ಕೆ ಮಾತ್ರ ಹಾಸುತ್ತೇನೆ, ಅದರ ಮೇಲೆ ಮೂರು ಬೆರಳು ದಪ್ಪ ಬಿಳಿ ಕಾಗದ.

ಬೈಂಡಿಂಗ್ ಅಂಗಡಿಯಲ್ಲಿ ಈ ಪಟ್ಟಿಗಳು ರದ್ದಿಗೆ ಹೋಗುತ್ತವೆ. ರದ್ದಿಯವರು ಕೊಡುವುದಕ್ಕಿಂತ ಎರಡು ರೂಪಾಯಿ ಜಾಸ್ತಿ ಕೊಡುತ್ತೇನೆ, ಕೆಜಿಗೆ 20. ಪಂಜರಕ್ಕೆ ವಾರಕ್ಕೆ ಅರ್ಧ ಕೆಜಿ ಸಾಕು. ಮೊದಲ ಚೀಲದಲ್ಲಿ ಮೂರು ಸ್ಟೇಪಲ್ ಪಿನ್ ಸಿಕ್ಕವು. ಹೇಳಿದ ಮೇಲೆ ಅಂಗಡಿಯವರು, "ಅಕ್ಕ, ಪಿನ್ ಹೊಡಿಯೋಕೆ ಮುಂಚಿನ ಕಟಿಂಗ್ ನಿಮಗೆ ಬೇರೆ ತೆಗೆದಿಡ್ತೀನಿ" ಎಂದು ಹಾಗೆಯೇ ಮಾಡುತ್ತಿದ್ದಾರೆ. ಆದರೂ ಮನೆಯಲ್ಲಿ ಒಂದು ಅಯಸ್ಕಾಂತ ಆಡಿಸುತ್ತೇನೆ. ಗಮ್ ಹತ್ತಿದ ಬೆನ್ನಿನ ತುಂಡು, ಬಣ್ಣದ ರಟ್ಟು, ಮದುವೆ ಕಾರ್ಡಿನ ಹೊಳೆಯುವ ಕಾಗದ ಬೇಡ. ಪಟ್ಟಿ ತುಂಬಾ ಉದ್ದ ಇದ್ದರೆ ಅದೂ ಕಾಲಿಗೆ ಸುತ್ತೀತು ಎಂದು ಅಂಗೈ ಅಗಲಕ್ಕೆ ಕತ್ತರಿಸುತ್ತೇನೆ. ನೂಲಿನ ಹಾಗಲ್ಲ, ಕಾಗದ ಎಳೆದರೆ ಹರಿಯುತ್ತದೆ. ಆದರೂ ಭಯ ಬಂದುಬಿಟ್ಟಿದೆ.

ದೋಷ ಒಂದು ಇದೆ. ಕಾಗದ ಉಚ್ಚೆಯನ್ನು ಹೀರುತ್ತದೆ, ಆದರೆ ವಾಸನೆಯನ್ನು ತಡೆಯುವುದಿಲ್ಲ. ಉಚ್ಚೆಯ ಯೂರಿಯಾವನ್ನು ಬ್ಯಾಕ್ಟೀರಿಯಾ ಅಮೋನಿಯಾ ಮಾಡುತ್ತವೆ. ಸಾಕಿದ ಇಲಿಗಳಲ್ಲಿ ಬಹಳಷ್ಟಕ್ಕೆ ಶ್ವಾಸಕೋಶದಲ್ಲಿ ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಮೊದಲೇ ಇರುತ್ತದೆ. ಅಮೋನಿಯಾ ಅದನ್ನು ಉಲ್ಬಣ ಮಾಡುತ್ತದೆ ಎಂದು 1976ರಲ್ಲೇ ತೋರಿಸಿದ್ದಾರೆ. ನಾವು ನಿಂತು ಮೂಸಿದರೆ ಗೊತ್ತಾಗುವುದಿಲ್ಲ. ಮರಿ ಇರುವ ಎತ್ತರಕ್ಕೆ ಮೂಗು ಇಳಿಸಿ ನೋಡಬೇಕು. ಪುಣ್ಯಕ್ಕೆ ಇಲಿಗಳು ಉಚ್ಚೆಗೆ ಒಂದು ಮೂಲೆ ಹಿಡಿಯುತ್ತವೆ, ಗೂಡನ್ನು ಆದಷ್ಟು ಒಣಗಿಸಿಟ್ಟುಕೊಳ್ಳುತ್ತವೆ. ಆ ಮೂಲೆಯ ಕಾಗದವನ್ನು ದಿನಾ ಬೆಳಗ್ಗೆ ತೆಗೆದು ಹೊಸದು ಹಾಕಿದರೆ ಸಾಕು, ಗೂಡು ಮುಟ್ಟಬೇಕಿಲ್ಲ. ದಿನಾ ಐದು ನಿಮಿಷ. ಅಷ್ಟು ಆಗುವುದಿಲ್ಲ ಎನ್ನುವವರಿಗೆ ಕಾಗದ ಹೊಂದುವುದಿಲ್ಲ, ನೇರವಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ಕಾಗದ ತಾನೇ ತೇವ ಎಳೆಯುತ್ತದೆ. ಆಗ ದಿನಕ್ಕೆರಡು ಸಲ.

ಈಗ ನಾನು ಮಾಡುವ ಕ್ರಮ ಇದು. ಗಂಡನ್ನು ಹೆರಿಗೆಗೆ ಮುಂಚೆಯೇ ಬೇರೆ ಮಾಡುತ್ತೇನೆ. ಹೆತ್ತ ಒಂದೇ ದಿನದಲ್ಲಿ ಹೆಣ್ಣಿಲಿ ಮತ್ತೆ ಗಬ್ಬವಾಗಬಲ್ಲಳು. ಜೋಡಿ ಕಟ್ಟಿದ 19ನೇ ದಿನ ಪಂಜರ ಪೂರ್ತಿ ತೊಳೆದು ಹೊಸ ಕಾಗದ ಹಾಕುತ್ತೇನೆ, ಒಂದು ಹಿಡಿ ಮೆತ್ತನೆ ಟಿಶ್ಯೂ ಕಾಗದ ಜಾಸ್ತಿ. ಗೂಡು ಅವಳೇ ಕಟ್ಟಿಕೊಳ್ಳುತ್ತಾಳೆ. ಮರಿ ಕಣ್ಣು ಬಿಡುವವರೆಗೆ, ಅಂದರೆ ಎರಡು ವಾರ, ಪೂರ್ತಿ ಬದಲಾಯಿಸುವುದಿಲ್ಲ. ಅವಳು ಊಟಕ್ಕೆ ಎದ್ದಾಗ ಕೈ ತೊಳೆದು ಒಮ್ಮೆ ಎಣಿಸುತ್ತೇನೆ. ಬಣ್ಣ ನೋಡುತ್ತೇನೆ, ಹಾಲಿನ ಪಟ್ಟಿ ನೋಡುತ್ತೇನೆ, ಬಿಳಿ ಕಾಗದದ ಮೇಲೆ ಏನಾದರೂ ಹರಿಯುತ್ತಿದೆಯಾ ನೋಡುತ್ತೇನೆ. ಮರಿ 21 ದಿನಕ್ಕೆ ಹಾಲು ಬಿಡುತ್ತದೆ. ಐದು ವಾರದೊಳಗೆ ಗಂಡು ಹೆಣ್ಣು ಬೇರೆ ಬೇರೆ.

ಕಾಗದದ ಮೇಲೆ ಎರಡು ಬಾಣಂತನ ಆಯಿತು. ಒಂದರಲ್ಲಿ ಎಂಟು, ಇನ್ನೊಂದರಲ್ಲಿ ಹನ್ನೊಂದು. ಎಲ್ಲ ಹತ್ತೊಂಬತ್ತೂ ಬದುಕಿವೆ.

ಗಂಡಿಲಿಗಳ ಪಂಜರಕ್ಕೆ ಬೇಸಿಗೆಯಲ್ಲಿ ಬಿಸಿಲಿಗೆ ಹಾಕಿದ ಭತ್ತದ ಹೊಟ್ಟನ್ನು ಈಗಲೂ ಬಳಸುತ್ತೇನೆ, ಖರ್ಚು ಉಳಿಯುತ್ತದೆ. ಬಾಣಂತಿಯ ಕೋಣೆಗೆ ಅದು ಬರುವುದಿಲ್ಲ. ಬೈಂಡಿಂಗ್ ಅಂಗಡಿಯಲ್ಲಿ ಕಾಗದ ತುಂಬಿ ತುಳುಕುವುದು ಶಾಲೆ ಶುರುವಾಗುವ ಮುಂಚೆ, ಏಪ್ರಿಲ್ ಮೇನಲ್ಲಿ. ಡಿಸೆಂಬರ್ ಹೊತ್ತಿಗೆ ಕೇಳಿದರೆ ಸಿಗುವುದಿಲ್ಲ. ಹಾಗಾಗಿ ಮೇ ತಿಂಗಳಲ್ಲೇ ವರ್ಷಕ್ಕಾಗುವಷ್ಟು ತಂದು, ಒಣಗಿಸಿ, ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡ್ರಮ್‌ನಲ್ಲಿ ತುಂಬಿಡುತ್ತೇನೆ. ಬರೀ ಚೀಲದಲ್ಲಿ ಅಟ್ಟದ ಮೇಲೆ ಇಟ್ಟರೆ ನಮ್ಮ ಮನೆಯಿಲಿಗಳೇ ಅದರಲ್ಲಿ ಗೂಡು ಕಟ್ಟುತ್ತವೆ, ಅವುಗಳ ಜೊತೆ ನುಸಿಯೂ ಬರುತ್ತದೆ.